ಗುಂಡು ಮುಂದೆ, ಒದೆತ ಹಿಂದೆ

ಮೂವತ್ತು ವರ್ಷ ಲೆಡ್ಜರು, ವೋಚರು ಅಂತ ಕಳೆದವನಿಗೂ ರಿವಾಲ್ವರಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನನಗೆ ಲೈಸೆನ್ಸೂ ಇಲ್ಲ, ಆಸೆಯೂ ಇಲ್ಲ. ಆದರೆ ಬ್ಯಾಂಕಿನವರಿಗೆ ಕೋವಿ ಹೊಸದಲ್ಲ. ಕ್ಯಾಶ್ ಗಾಡಿಯ ಜೊತೆ 12 ಬೋರಿನ ಜೋಡುನಳಿಗೆ ಬಂದೂಕು ಹಿಡಿದ ಗಾರ್ಡು ಇರುತ್ತಾನೆ. ವರ್ಷಕ್ಕೊಮ್ಮೆ ಗುಂಡು ಹೊಡೆಯುವ ಅಭ್ಯಾಸಕ್ಕೆ ಹೋಗಿ ಬಂದವನು ಮರುದಿನ ಭುಜ ಒತ್ತಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಬಂದೂಕಿನ ಒದೆತ ತಡೆಯಲು ಭುಜವಾದರೂ ಇದೆ. ರಿವಾಲ್ವರಿಗೆ ಬರೀ ಅಂಗೈ.

ಇದು ನನ್ನ ತಲೆಗೆ ಹೋಗಿದ್ದು ಶೆಟ್ಟರಿಂದ. ಉಪನಗರದಲ್ಲಿ ಹೋಟೆಲು ಇಟ್ಟುಕೊಂಡಿರುವ ಇವರು ನಮ್ಮ ಶಾಖೆಯ ಹಳೇ ಗ್ರಾಹಕರು. 1990ರ ದಶಕ ಮುಂಬಯಿಯ ಹೋಟೆಲಿನವರಿಗೆ, ಬಿಲ್ಡರುಗಳಿಗೆ ಎಂಥ ಕಾಲ ಅನ್ನುವುದು ಇಲ್ಲಿದ್ದವರಿಗೆ ಗೊತ್ತು. ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಆಗ ಶೆಟ್ಟರು ಲೈಸೆನ್ಸು ಮಾಡಿಸಿ, ಕಾನ್ಪುರದ ಸರಕಾರಿ ಕಾರ್ಖಾನೆಯ .32 ರಿವಾಲ್ವರ್ ತಂದರು. ಹಫ್ತಾದ ಫೋನುಗಳು ನಿಂತು ಎಷ್ಟೋ ವರ್ಷವಾಯಿತು. ರಿವಾಲ್ವರ್ ಮಾತ್ರ ಮನೆಯ ತಿಜೋರಿಯಲ್ಲೇ ಉಳಿಯಿತು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಮುಗಿದ ಮೇಲೆ ವಾಪಸು ತರುವುದು, ಇಷ್ಟೇ ಅದರ ಓಡಾಟ.

ಎರಡು ವರ್ಷದ ಹಿಂದೆ ಶೆಟ್ಟರು ರೇಂಜಿಗೆ ಹೋಗಿ ಹನ್ನೆರಡು ಗುಂಡು ಹೊಡೆದು ಬಂದರು. ಮಾರನೇ ದಿನ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಚಹಾದ ಲೋಟ ಹಿಡಿಯಲಾಗದೆ ಎಡಗೈಯಲ್ಲಿ ಕುಡಿಯುತ್ತಿದ್ದರು. "ರಾಯರೇ, ನಿಮ್ಮ ಬ್ಯಾಂಕಿನಲ್ಲಿ ಕೊಡಗಿನ ಮೇಜರೊಬ್ಬರು ಇದ್ದರಲ್ಲ, ಅವರನ್ನೊಮ್ಮೆ ಕೇಳಿ ಮಾರಾಯ್ರೆ" ಅಂದರು. ಮೇಜರು ನಮ್ಮಲ್ಲಿ ಸೆಕ್ಯುರಿಟಿ ಆಫೀಸರಾಗಿ ನಿವೃತ್ತರಾದವರು. ಕೊಡವರ ಮನೆಯಲ್ಲಿ ಕೋವಿ ಅಂದರೆ ದೇವರ ಸಾಮಾನಿನಂತೆ. ಕೈಲ್‌ಪೊಳ್ದ್ ದಿನ ಅದಕ್ಕೆ ಪೂಜೆ. ಲೈಸೆನ್ಸಿನಿಂದ ಅವರಿಗೆ 1861ರಿಂದಲೇ ವಿನಾಯಿತಿ ಇದೆ, ಈಗಿನ ಆದೇಶ 2029ರ ತನಕ.

ಮೇಜರು ಶೆಟ್ಟರ ಮನೆಗೆ ಬಂದು ಮೊದಲು ರಿವಾಲ್ವರ್ ಖಾಲಿ ಇದೆಯೇ ಅಂತ ಎರಡು ಸಲ ನೋಡಿದರು. ಆಮೇಲೆ ಶೆಟ್ಟರ ಕೈ ನೋಡಿದರು. ಹುಡುಗನಾಗಿದ್ದಾಗ ಗ್ಲಾಸು ತೊಳೆದು, ಮುಂದೆ ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಂತು ದೋಸೆ ಹೊಯ್ದ ಕೈ ಅದು.

"ಒದೆತವನ್ನು ಇಲ್ಲದಂತೆ ಮಾಡಲು ಆಗುವುದಿಲ್ಲ ಶೆಟ್ರೇ, ಹಂಚಬಹುದು" ಅಂದರು ಮೇಜರು. ಬಿ.ಕಾಂ. ಓದಿದ ನನಗೆ ಇದು ಥಟ್ಟನೆ ಅರ್ಥವಾಯಿತು. ಡಬಲ್ ಎಂಟ್ರಿ! ಗುಂಡಿನ ಜೊತೆ ಮುಂದಕ್ಕೆ ಎಷ್ಟು ಹೋಯಿತೋ ಹಿಂದಕ್ಕೆ ಅಷ್ಟೇ ಜಮಾ ಆಗಬೇಕು. ಅದನ್ನು ಹೆಬ್ಬೆರಳಿನ ಗಿಣ್ಣೊಂದರ ಖಾತೆಗೇ ಹಾಕಬೇಕೋ, ಇಡೀ ಅಂಗೈ, ಮಣಿಕಟ್ಟು, ತೋಳಿಗೆ ಹಂಚಬೇಕೋ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಶೆಟ್ಟರು ರಿವಾಲ್ವರನ್ನು ಓರೆಯಾಗಿ ಹಿಡಿಯುತ್ತಿದ್ದರು. ಹಿಡಿಯ ಬೆನ್ನು ನೇರ ಹೆಬ್ಬೆರಳಿನ ಬುಡದ ಎಲುಬಿಗೆ ತಾಗುತ್ತಿತ್ತು. ಮೇಜರು ಅದನ್ನು ಹೆಬ್ಬೆರಳು ತೋರುಬೆರಳಿನ ನಡುವಿನ ಮೆತ್ತನೆಯ ಸಂದಿಗೆ ತಂದು, ನಳಿಗೆ ಮತ್ತು ಮೊಣಕೈ ಒಂದೇ ಗೆರೆಯಲ್ಲಿ ಬರುವಂತೆ ಕೂರಿಸಿದರು. ನಳಿಗೆ ಕೈಗಿಂತ ಮೇಲಿರುವುದರಿಂದ ಒದ್ದಾಗ ಮೂತಿ ಮೇಲಕ್ಕೆ ಏಳುತ್ತದೆ. ಅದಕ್ಕೇ ಕೈಯನ್ನು ಆದಷ್ಟು ಎತ್ತರದಲ್ಲಿ ಹಿಡಿಯಬೇಕು. ಎಡಗೈ ಬಲಗೈ ಬೆರಳುಗಳನ್ನು ಸುತ್ತಿ ಹಿಡಿಯಬೇಕು. ಬಿಗಿ ಎಷ್ಟು? ಗಟ್ಟಿಯಾಗಿ ಕೈಕುಲುಕಿದಷ್ಟು. ಕೈ ನಡುಗುವಷ್ಟು ಹಿಚುಕಿದರೆ ಅದೂ ನೋವೇ. ಸಡಿಲ ಬಿಟ್ಟರೆ ರಿವಾಲ್ವರ್ ಓಡಿ ಬಂದು ಗುದ್ದುತ್ತದೆ.

ಟ್ರಿಗರ್ ಗಾರ್ಡಿನ ಹಿಂದಿನ ಖಾಲಿ ಜಾಗದಲ್ಲಿ ಶೆಟ್ಟರ ನಡುಬೆರಳಿನ ಗಿಣ್ಣಿಗೆ ಪೆಟ್ಟು ಬೀಳುತ್ತಿತ್ತು. ಆ ಜಾಗ ತುಂಬುವಂಥ ರಬ್ಬರಿನ ಹಿಡಿಯನ್ನು ಕೋವಿ ಅಂಗಡಿಯವರಿಂದ ಹಾಕಿಸಿದ್ದಾಯಿತು. ಅಂಗೈಯಲ್ಲಿ ಪ್ಯಾಡಿರುವ ಗ್ಲೌಸು ಬಂತು. ಕಿವಿಗೆ ಇಯರ್ ಮಫ್ ಬಂತು. "ನೋವು ಕೈಗಲ್ಲವಾ, ಕಿವಿಗೆ ಯಾಕೆ?" ಅಂತ ನಾನು ಕೇಳಿದೆ. ಅರ್ಧ ಗಾಬರಿ ಸದ್ದಿನದೇ ಅಂತೆ. ಸದ್ದಿಗೆ ಬೆಚ್ಚಿ ಮೈ ಬಿಗಿಮಾಡಿದವನಿಗೆ ಒದೆತ ಇನ್ನೂ ಜೋರಾಗಿ ತಾಗುತ್ತದೆ.

ಶೆಟ್ಟರ ಮಗನದು ಬೇರೆ ಸಲಹೆ. 2014ರಲ್ಲಿ ಕಾನ್ಪುರದಿಂದಲೇ 'ನಿರ್ಭೀಕ್' ಅಂತ ಹಗುರ ರಿವಾಲ್ವರ್ ಬಂದಿತ್ತಲ್ಲ, ಹೆಂಗಸರಿಗೆ ಅನುಕೂಲ ಅಂತ ಪ್ರಚಾರ ಆಗಿತ್ತು, ಅದನ್ನು ತಗೊಳ್ಳೋಣ ಅಂದ. ಮೇಜರು ನಕ್ಕರು. ಹಳೆಯದು ಸುಮಾರು 700 ಗ್ರಾಂ, ನಿರ್ಭೀಕ್ ಸುಮಾರು 500. ಗುಂಡು ಅದೇ .32. ಅಂದರೆ ಹಗುರದ್ದು ಹೆಚ್ಚುಕಡಿಮೆ 1.4 ಪಟ್ಟು ವೇಗದಲ್ಲಿ ಕೈಗೆ ಬಡಿಯುತ್ತದೆ. ಚೀಲದಲ್ಲಿ ಹೊರುವುದಕ್ಕೆ ಹಗುರ ಹಿತ, ಹೊಡೆಯುವುದಕ್ಕೆ ಭಾರ ಹಿತ. ಸೆಂಟರ್ ಫೈರ್ ಪಂದ್ಯದಲ್ಲಿ ಪಿಸ್ತೂಲು 1400 ಗ್ರಾಂ ತನಕ ತೂಗಬಹುದು. ಅದರ ಮರದ ಹಿಡಿ ಆಟಗಾರನ ಅಂಗೈಗೆ ತಕ್ಕಂತೆ ಕೊರೆದದ್ದು. ಅಲ್ಲಿ ಒಂದೇ ಕೈಯಲ್ಲಿ 60 ಗುಂಡು ಹೊಡೆಯಬೇಕು. 2006ರ ದೋಹಾ ಏಷ್ಯನ್ ಗೇಮ್ಸಿನಲ್ಲಿ ಜಸ್ಪಾಲ್ ರಾಣಾ ಜ್ವರದಲ್ಲೇ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು ಇದೇ ಪಂದ್ಯದಲ್ಲಿ.

ಹಾಗೆ ನೋಡಿದರೆ .32 ಅಂಥ ಬಲದ ರಿವಾಲ್ವರೇನಲ್ಲ. ಅದರ ಗುಂಡು 6 ಗ್ರಾಂ ಚಿಲ್ಲರೆ. 1971ರ 'ಡರ್ಟಿ ಹ್ಯಾರಿ' ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದ .44 ಮ್ಯಾಗ್ನಮ್‌ನದು ಸಾಮಾನ್ಯವಾಗಿ 15 ಗ್ರಾಂ ದಾಟುತ್ತದೆ, ವೇಗವೂ ಸುಮಾರು ದುಪ್ಪಟ್ಟು. ಆದರೆ ಸವೆದ ಕೀಲಿಗೆ ಸಣ್ಣ ಪೆಟ್ಟೂ ದೊಡ್ಡದೇ.

ಮುಂದಿನ ಸಲ ಶೆಟ್ಟರು ರೇಂಜಿಗೆ ಹೋದಾಗ ನಾನೂ ಜೊತೆಗಿದ್ದೆ. ಆರು ಗುಂಡು, ವಿಶ್ರಾಂತಿ, ಮತ್ತೆ ಆರು, ಅಷ್ಟೇ ಸಾಕು ಅಂತ ಮೇಜರ ಅಪ್ಪಣೆ. ಈ ಸಲ ಬಾವು ಬರಲಿಲ್ಲ. ಆದರೆ ಮೇಜರು ಗುರಿಹಲಗೆ ನೋಡದೆ ಶೆಟ್ಟರ ಮುಖವನ್ನೇ ನೋಡುತ್ತಿದ್ದರು. ಪ್ರತಿ ಗುಂಡಿಗೂ, ಸಿಡಿಯುವ ಮೊದಲೇ, ಶೆಟ್ಟರ ಕಣ್ಣು ಮುಚ್ಚುತ್ತಿತ್ತು.

ಹೊರಗೆ ಬಂದ ಮೇಲೆ ಮೇಜರು ಮೆಲ್ಲಗೆ ಹೇಳಿದರು: "ಶೆಟ್ರೇ, ಕೈನೋವಿಗೆ ಮದ್ದು ಆಯ್ತು. ಕಣ್ಣು ಮುಚ್ಚಿ ಹೊಡೆಯುವವನ ಮುಂದೆ ಯಾರು ನಿಂತಿರ್ತಾರೋ ಹೇಳೋಕೆ ಆಗಲ್ಲ. ಮನೇಲಿ ಮೊಮ್ಮಕ್ಕಳಿದ್ದಾರೆ." ಶೆಟ್ಟರು ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ಬಲಗೈ ನೋಡಿಕೊಳ್ಳುತ್ತಾ ಕೂತಿದ್ದರು.

ಡಾಕ್ಟರು ಎಕ್ಸ್‌ರೇ ನೋಡಿ, ಹೆಬ್ಬೆರಳಿನ ಬುಡದ ಕೀಲು ಸವೆದಿದೆ, ಸಂಧಿವಾತ ಅಂದರು. ಬೆರಳು ಜೋಮು ಹಿಡಿದು ಹಾಗೇ ಉಳಿದರೆ ತಡಮಾಡದೆ ಬನ್ನಿ ಅಂತಲೂ ಹೇಳಿದರು. ಒಂದು ತಿಂಗಳು ಯೋಚಿಸಿದ ಶೆಟ್ಟರು ರಿವಾಲ್ವರನ್ನು ಲೈಸೆನ್ಸು ಇರುವ ಅಂಗಡಿಗೆ ಮಾರಿ, ತಮ್ಮ ಲೈಸೆನ್ಸನ್ನು ಪೊಲೀಸರಿಗೆ ಒಪ್ಪಿಸಿದರು. "ಇಷ್ಟು ವರ್ಷ ನಾನೇ ಅದನ್ನು ಕಾದದ್ದು, ಅದು ನನ್ನನ್ನು ಕಾಯಲಿಲ್ಲ" ಅಂದರು.

ಈಗ ತಿಂಗಳಿಗೊಮ್ಮೆ ಕ್ಲಬ್ಬಿನಲ್ಲಿ ಕೋಚ್ ಎದುರಿಗೆ .22 ಪಿಸ್ತೂಲು ಹೊಡೆಯುತ್ತಾರೆ. ಅದು ಒದೆಯುವುದೇ ಇಲ್ಲ ಅನ್ನಬಹುದು. ಕಣ್ಣು ತೆರೆದೇ ಇರುತ್ತದಂತೆ. ನಿಮ್ಮ ಪರಿಚಯದ ಹೋಟೆಲಿನವರು, ಆಭರಣದಂಗಡಿಯವರು ಯಾರಾದರೂ ಕೈನೋವು ಅಂದರೆ, ಹಿಡಿ, ತೂಕ, ಗ್ಲೌಸು ಎಲ್ಲ ಹೇಳಿಕೊಡಿ. ಜೊತೆಗೆ ಟ್ರಿಗರ್ ಎಳೆಯುವಾಗ ಅವರ ಕಣ್ಣು ಏನು ಮಾಡುತ್ತದೆ ಅಂತಲೂ ನೋಡಿ.