ಹಾಡುವ ತಟ್ಟೆಗಳು

ತವರುಮನೆ ಮಾರಿದಾಗ ಅಕ್ಕನಿಗೆ ಬೀರು, ನನಗೆ ತಮ್ಮನ ಟ್ರಂಕು ಬಂತು. ಅವನು 1981ರಲ್ಲಿ ಅಮೆರಿಕದಲ್ಲಿ ಓದು ಮುಗಿಸಿ ಬರುವಾಗ ತಂದಿದ್ದ ರಾಕ್, ನ್ಯೂ ವೇವ್ ಸಂಗೀತದ ನಲವತ್ತು ಎಲ್‌ಪಿ ರೆಕಾರ್ಡುಗಳು ಅದರಲ್ಲಿದ್ದವು. ನಮ್ಮಮ್ಮ ಅವಕ್ಕೆ ಇಟ್ಟಿದ್ದ ಹೆಸರು 'ಕೂಗಾಟದ ತಟ್ಟೆ'. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ಹಳೇ ಸಾಮಾನಿನವನು ಬಂದು ತೂಕಕ್ಕೆ ಕೇಳಿದ. ಕೊಡಲು ಮನಸ್ಸಾಗಲಿಲ್ಲ. ಅವನು ಕೋಣೆಯ ಬಾಗಿಲು ಹಾಕಿಕೊಂಡು ಅಷ್ಟು ಹೊತ್ತು ಏನು ಕೇಳುತ್ತಿದ್ದ ಎಂದು ನನಗೂ ತಿಳಿಯಬೇಕಿತ್ತು.

ಮಗ ಎಲ್ಲಿಂದಲೋ ಪ್ಲೇಯರ್ ತಂದುಕೊಟ್ಟ. "ಈಗ ಇದೇ ಫ್ಯಾಷನ್ನಮ್ಮ" ಎಂದ. ಹೌದಂತೆ, 2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಳಿಗಿಂತ ಇವೇ ಹೆಚ್ಚು ಮಾರಾಟವಾದವು, 1987ರ ನಂತರ ಮೊದಲ ಸಲ. ನಾವು ಅಟ್ಟಕ್ಕೆ ಹಾಕಿದ್ದನ್ನೆಲ್ಲ ಕಾಲ ಮತ್ತೆ ಕೆಳಗಿಳಿಸುತ್ತದೆ ನೋಡಿ.

ಮೊದಲು ಕೈಗೆ ಬಂದದ್ದು ಬ್ಲಾಂಡಿ ತಂಡದ 1978ರ 'ಪ್ಯಾರಲಲ್ ಲೈನ್ಸ್'. ರಟ್ಟಿನ ಮೇಲೆ ಕರಿ ಸೂಟಿನ ಐದು ಗಂಡಸರು ಹಲ್ಲು ಕಿರಿಯುತ್ತಿದ್ದಾರೆ. ನಡುವೆ ಬಿಳಿ ಉಡುಪಿನ ಡೆಬೋರಾ ಹ್ಯಾರಿ ಸೊಂಟದ ಮೇಲೆ ಕೈಯಿಟ್ಟು, ಮುಖ ಗಂಟಿಕ್ಕಿ ನಿಂತಿದ್ದಾಳೆ. ಫೋಟೋಗೆ ನಗಲೇಬೇಕೆಂದು ಬೈಸಿಕೊಂಡು ಬೆಳೆದ ನನಗೆ ಆ ಮುಖ ಬಹಳ ಹಿಡಿಸಿತು. ಇನ್ನೊಂದು ಫ್ಲೀಟ್‌ವುಡ್ ಮ್ಯಾಕ್‌ನ 'ರೂಮರ್ಸ್', 1977ರದ್ದು. ಆ ತಂಡದ ಒಂದು ದಂಪತಿ ಬೇರೆಯಾಗುತ್ತಿದ್ದರು, ಒಂದು ಪ್ರೇಮಿಗಳ ಜೋಡಿಯೂ ಮುರಿದಿತ್ತು. ಆದರೂ ಕ್ರಿಸ್ಟೀನ್, ಸ್ಟೀವಿ ಎಂಬ ಆ ಇಬ್ಬರು ಹೆಂಗಸರು ಹಾಡು ಬರೆದು, ಬಿಟ್ಟವರ ಜೊತೆಯಲ್ಲೇ ನಿಂತು ಹಾಡಿದರು. ಮನಸ್ತಾಪ ನುಂಗಿಕೊಂಡು ಅಡುಗೆ ಮಾಡಿ ಬಡಿಸಿದವರಿಗೆ ಅದು ಎಂಥ ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ.

'ಅನ್‌ನೋನ್ ಪ್ಲೆಷರ್ಸ್' ಎಂಬುದರ ಮುಂದಿನ ರಟ್ಟಿನಲ್ಲಿ ಹೆಸರೇ ಇಲ್ಲ. ಕಪ್ಪು ಹಿನ್ನೆಲೆಯಲ್ಲಿ ಬೆಟ್ಟದ ಸಾಲಿನಂಥ ಬಿಳಿ ಗೆರೆಗಳು, ಅಷ್ಟೇ. ಜಾಯ್ ಡಿವಿಷನ್ ತಂಡದ್ದು, 1979. ಆ ಗೆರೆಗಳು ಒಂದು ಪಲ್ಸಾರ್ ನಕ್ಷತ್ರದ ಮಿಡಿತವಂತೆ. 1967ರಲ್ಲಿ ಕೇಂಬ್ರಿಡ್ಜಿನಲ್ಲಿ ಅದನ್ನು ಮೊದಲು ಗುರುತಿಸಿದ್ದು ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ. 1974ರ ನೊಬೆಲ್ ಹೋದದ್ದು ಅವಳ ಮಾರ್ಗದರ್ಶಕರಿಗೆ. 2018ರಲ್ಲಿ ಆಕೆಗೆ 30 ಲಕ್ಷ ಡಾಲರಿನ ಬಹುಮಾನ ಬಂದಾಗ ಅಷ್ಟನ್ನೂ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು. ಹಾಡು ನನಗೆ ಪೂರ್ತಿ ದಕ್ಕಲಿಲ್ಲ. ರಟ್ಟನ್ನು ಮಾತ್ರ ಶೋಕೇಸಿನಲ್ಲಿಟ್ಟಿದ್ದೇನೆ.

ಈ ತಟ್ಟೆಗಳದ್ದೊಂದು ಗುಣವಿದೆ. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು, ಅದು ಬದಲಾಗುವುದಿಲ್ಲ. ಆದರೆ ಹೊರಸುತ್ತು ದೊಡ್ಡದು, ಒಳಸುತ್ತು ಚಿಕ್ಕದು. ಸೂಜಿಯ ಕೆಳಗೆ ಹೊರಗಡೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಹಾದಿ ಸರಿದರೆ ಒಳಗಡೆ 20ರ ಆಸುಪಾಸು. ಇಕ್ಕಟ್ಟಿನಲ್ಲಿ ಸಣ್ಣ, ಚೂಪು ದನಿಗಳು ಮಂಕಾಗುತ್ತವೆ. ಅದಕ್ಕೇ ಎಷ್ಟೋ ಸಲ ಮೆಲುದನಿಯ ಹಾಡನ್ನು ಕೊನೆಗಿಡುತ್ತಾರೆ.

ಬದಿಯ ಕೊನೆಯ ಹಾಡು ನನಗೆ ತೀರ ಮಂಕಾಗಿ ಕೇಳತೊಡಗಿದಾಗ ದೂರನ್ನು ತಟ್ಟೆಯ ಮೇಲೆಯೇ ಹೊರಿಸಿದ್ದೆ. ಸೊಸೆ ಕೇಳಿ, "ಅತ್ತೆ, ನನಗೆ ತಾಳದ ಚಿಲ್ ಚಿಲ್ ಕೇಳುತ್ತಿದೆಯಲ್ಲ" ಎಂದಳು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಅವಳೇ ಕರೆದುಕೊಂಡು ಹೋದಳು. ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ ದನಿಗಳೇ ಎಂದು ಅಲ್ಲಿಯ ಹುಡುಗಿ ನಿಧಾನವಾಗಿ ತಿಳಿಸಿ ಹೇಳಿದಳು. ಮೊಮ್ಮಗಳು ಹೇಳುವ 'ಸ', 'ಶ' ಬೇರೆಬೇರೆಯಾಗಿ ಕೇಳದಿರುವುದೂ ಅದಕ್ಕೇ. ಕೇಳದ ಮಾತಿಗೆಲ್ಲ ಸುಮ್ಮನೆ ತಲೆಯಾಡಿಸಿ ಬದುಕಿದರೆ ನಿಧಾನವಾಗಿ ಮನೆಯವರೇ ಮಾತು ಬಿಡುತ್ತಾರೆ. ನಮ್ಮಮ್ಮನ ಕೊನೆಯ ವರ್ಷಗಳು ಹಾಗೆಯೇ ಕಳೆದವು.

ಕಿವಿಗೆ ಯಂತ್ರ ಹಾಕಿಕೊಂಡರೆ ನೆಂಟರು ಏನೆಂದಾರು ಎಂದು ಒಂದು ವಾರ ಯೋಚಿಸಿದೆ. ನಲವತ್ತಕ್ಕೆ ಕನ್ನಡಕ ಬಂದಾಗ ಯಾರೂ ಏನೂ ಅನ್ನಲಿಲ್ಲವಲ್ಲ! ಅಳತೆ ಕೊಟ್ಟು ಬಂದಿದ್ದೇನೆ. ಬರುವ ಗುರುವಾರ ಯಂತ್ರ ಸಿಗುತ್ತದೆ. ಡೆಬೋರಾಳ ಎರಡನೇ ಬದಿಯನ್ನು ಅಲ್ಲಿಯವರೆಗೆ ಹಾಕದೆ ಹಾಗೇ ಇಟ್ಟಿದ್ದೇನೆ.