ದೊಡ್ಡಮ್ಮ, ಎದ್ದು ನಿಲ್ಲು

ತುಮಕೂರು

ಪ್ರೀತಿಯ ದೊಡ್ಡಮ್ಮ,

‘ಕಾಲಲ್ಲಿ ಕಸುವಿಲ್ಲ ಕಣೇ, ವಯಸ್ಸಾಯ್ತಲ್ಲ’ ಅಂತ ಫೋನಿನಲ್ಲಿ ಅಂದೆಯಲ್ಲ, ಅವತ್ತಿನಿಂದ ಆ ಮಾತು ಮನಸ್ಸು ಕೊರೆಯುತ್ತಿದೆ. ವಯಸ್ಸಾದದ್ದು ನಿಜ. ಆದರೆ ಎಲ್ಲ ತಪ್ಪನ್ನೂ ಅದರ ತಲೆಗೇ ಕಟ್ಟಬೇಡ. ಹೊಲ ಇದ್ದಾಗ ಕಳೆ ಕೀಳುತ್ತಾ ದಿನವೆಲ್ಲ ಕೂತು ಏಳುತ್ತಿದ್ದೆ, ಸಂಜೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದೆ. ಆ ಹೊಲ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. 2014ರಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರು, ನಮ್ಮ ಹುಡುಗರಿಗೆ ಶಿಫ್ಟ್ ಕೆಲಸ ಸಿಕ್ಕಿತು. ನಿನ್ನ ಮೈಗೆ ಇದ್ದ ಕೆಲಸ ಮಾತ್ರ ತಪ್ಪಿತು. ಈಗ ಬಿಂದಿಗೆ ಮುಟ್ಟಿದರೂ ಸೊಸೆ ‘ನೀವು ಕೂತ್ಕೊಳ್ಳಿ ಅತ್ತೆ’ ಅನ್ನುತ್ತಾಳೆ. ಅದು ಪ್ರೀತಿಯ ಮಾತೇ. ಆದರೂ ನಿನ್ನನ್ನು ಸೊರಗಿಸುತ್ತಿರುವುದು ಹಾಗೆ ಕೂತಿರುವುದೇ.

ಹಬ್ಬಕ್ಕೆ ಬಂದಾಗ ನೋಡಿದೆ. ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಜಗಲಿಯಿಂದ ಏಳುವಾಗ ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕಂಬದ ಮೇಲೆ. ಮುಪ್ಪಿನ ತಜ್ಞರು ಗಮನಿಸುವುದೂ ಇಂಥವನ್ನೇ. 2017-18ರಲ್ಲಿ ನಮ್ಮ ರಾಜ್ಯವೂ ಸೇರಿ ದೇಶದ ತುಂಬ 72 ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದಾಗ, ಕೈಹಿಡಿತದ ಬಲವನ್ನೂ ನಡಿಗೆಯ ವೇಗವನ್ನೂ ಅಳೆದರು. ಹಿಡಿತ ಸಡಿಲಾಗಿ ನಡಿಗೆ ನಿಧಾನವಾದವರು ಬಿದ್ದು ಹಾಸಿಗೆ ಹಿಡಿಯುವ ಸಂಭವ ಹೆಚ್ಚು. ಏಷ್ಯಾದ ತಜ್ಞರು 2019ರಲ್ಲಿ ಹಾಕಿಕೊಟ್ಟ ಲೆಕ್ಕ ಸುಲಭವಾಗಿದೆ: ಎದೆಗೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಸ್ನಾಯು ಸೊರಗಿರಬಹುದು.

ಹೋದ ಬಲ ಮರಳಿ ಬರುತ್ತದೆ ದೊಡ್ಡಮ್ಮ. ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ 90ರ ಆಸುಪಾಸಿನ ಹತ್ತು ಮಂದಿಯಿಂದ ಎಂಟು ವಾರ ಕಾಲಿನಲ್ಲಿ ಭಾರ ಎತ್ತಿಸಿದರು. 1990ರಲ್ಲಿ ಬಂದ ಅವರ ವರದಿಯ ಪ್ರಕಾರ ಕೊನೆತನಕ ಮಾಡಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟು ದಾಟಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ನಿಲ್ಲಿಸಿದಾಗ ನಾಲ್ಕೇ ವಾರದಲ್ಲಿ ಬಲ ಮತ್ತೆ ಇಳಿಯಿತು. ಹಾಗಾಗಿ ಇದು ಊಟದ ಹಾಗೆ, ದಿನವೂ ಬೇಕು. ಸ್ನಾಯು ಎಳೆದರೆ, ಮೈಭಾರ ಬಿದ್ದರೆ ಮೂಳೆಯೂ ಗಟ್ಟಿಯಾಗಿರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಬಚ್ಚಲಲ್ಲಿ ಒಮ್ಮೆ ಜಾರಿದರೂ ಸೊಂಟದ ಮೂಳೆ ಮುರಿಯಬಹುದು.

ನಿನ್ನ ರಾಗಿಮುದ್ದೆ ಬಿಡಬೇಡ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಬರೀ ತಿಳಿಸಾರಿನಲ್ಲಿ ಮುದ್ದೆ ನುಂಗಿದರೆ ಪ್ರೋಟೀನ್ ಸಾಲದು. ವಯಸ್ಸಾದವರಿಗೆ ಮೈತೂಕದ ಒಂದೊಂದು ಕಿಲೋಗೂ ದಿನಕ್ಕೆ ಒಂದು ಗ್ರಾಮಿಗೆ ಕಡಿಮೆಯಾಗದಂತೆ ಪ್ರೋಟೀನ್ ಬೇಕೆನ್ನುತ್ತಾರೆ. ಹುರುಳಿಕಾಳಿನ ಸಾರು, ಅವರೆಕಾಳು, ಮೊಟ್ಟೆ, ಗಟ್ಟಿ ಮೊಸರು ಹೊತ್ತುಹೊತ್ತಿಗೂ ಸ್ವಲ್ಪ ಇರಲಿ. ಮೊಮ್ಮಕ್ಕಳ ತಟ್ಟೆಗೆ ಹಾಕಿ ಉಳಿದದ್ದು ತಿನ್ನುವುದು ಸಾಕು.

ನೀರಿನ ಕಡೆಯೂ ನಿಗಾ ಇಡು. ಪಾವಗಡ, ಶಿರಾ ಕಡೆ ಕೊಳವೆಬಾವಿಯ ಫ್ಲೋರೈಡಿನಿಂದ ಎಷ್ಟು ಜನರ ಬೆನ್ನು ಮಂಡಿ ಬಿಗಿದುಕೊಂಡಿವೆ ಅಂತ ನಿನಗೂ ಗೊತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕಾಯಿಸಿದರೆ ಹೋಗುವಂಥದ್ದಲ್ಲ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ಕ್ಯಾನ್ ತರಿಸು. ಕೊಳವೆಬಾವಿ ನೀರನ್ನು ಪರೀಕ್ಷೆಗೆ ಕಳಿಸಲು ತಮ್ಮನಿಗೆ ಹೇಳಿದ್ದೇನೆ.

ಮೊದಲು ಡಾಕ್ಟರಿಗೆ ತೋರಿಸು. ಬಿಪಿ, ಸಕ್ಕರೆ, ಮೂತ್ರಪಿಂಡ, ವಿಟಮಿನ್ ಡಿ ಎಲ್ಲ ನೋಡಲಿ. ಅವರು ಸರಿ ಅಂದ ಮೇಲೆ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತರಿಸಿ ಹಾಕು. ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ ಎದ್ದು ಕೂರು. ಶುರುವಿನಲ್ಲಿ ಕೈ ಊರಿದರೂ ಚಿಂತೆಯಿಲ್ಲ, ನಿಧಾನಕ್ಕೆ ಬಿಡು. ಮಂಡಿ ತೀರಾ ನೊಂದರೆ ನಿಲ್ಲಿಸು. ಬಚ್ಚಲಿಗೆ ಹಿಡಿಕೆ ಹಾಕಿಸಲು ಭಾನುವಾರ ನಾನೇ ಮೇಸ್ತ್ರಿಯನ್ನು ಕರೆತರುತ್ತೇನೆ. ಸೊಸೆಗೂ ಈ ಕಾಗದ ಓದಿಸು: ಅರ್ಧ ಬಿಂದಿಗೆ ನೀರು ನೀನೇ ತರುತ್ತೀಯ, ಅವಳು ತಡೆಯಬಾರದು.

ಇತಿ,
ನಿನ್ನ ತಂಗಿಯ ಮಗಳು