ಬಯಲ ಮೇಜು ಮತ್ತು ಅನಸ್ತಮಿತ ವ್ರತ

ಬೆಳಗಾವಿಯ ಬೇಸಗೆಗೆ ಎರಡು ಸ್ವಭಾವಗಳಿವೆ. ಹಗಲಿನಲ್ಲಿ ಅದು ಬಯಲುಸೀಮೆಯದು. ಸಂಜೆ ಐದು ದಾಟಿದ ಮೇಲೆ ಮಲೆನಾಡಿನದು. ಸಮುದ್ರಮಟ್ಟದಿಂದ ಸುಮಾರು 2500 ಅಡಿ ಎತ್ತರದಲ್ಲಿರುವ ಈ ಊರಿಗೆ ಘಟ್ಟದ ಕಡೆಯಿಂದ ಗಾಳಿ ಬೀಸತೊಡಗಿದಾಗ ಮನೆಯೊಳಗೆ ಕುಳಿತವರಿಗೂ ಹೊರಗೆ ಹೋಗಬೇಕೆನಿಸುತ್ತದೆ. ಕ್ಯಾಂಪ್ ಪ್ರದೇಶದ ಹಳೆಯ ಮರಗಳ ಕೆಳಗೆ, ಟಿಳಕವಾಡಿಯ ಮಾಳಿಗೆಗಳ ಮೇಲೆ, ಖಾನಾಪುರ ರಸ್ತೆಯ ಬದಿಯಲ್ಲಿ ಹೋಟೆಲಿನವರು ಮೇಜು ಕುರ್ಚಿಗಳನ್ನು ಹೊರಗೆ ಹಾಕುವುದು ಆ ಹೊತ್ತಿಗೇ. ನೆಲಕ್ಕೆ ನೀರು ಚಿಮುಕಿಸುತ್ತಾರೆ. ಕೊಂಬೆಗಳಿಗೆ ಸುತ್ತಿದ ದೀಪದ ಮಾಲೆ ಹತ್ತುವುದೋ ಇಲ್ಲವೋ ಎಂದು ಒಮ್ಮೆ ನೋಡಿ ಆರಿಸುತ್ತಾರೆ. ಜನ ಬರುವುದು ಎಂಟರ ಮೇಲೆ. ಅಂದರೆ ಈ ನಗರದ ಬಯಲ ಊಟ ಆರಂಭವಾಗುವುದು ನನ್ನ ಊಟದ ಹೊತ್ತು ಮುಗಿದ ಮೇಲೆ.

ಸೂರ್ಯಾಸ್ತದ ನಂತರ ನಾನು ಉಣ್ಣುವುದಿಲ್ಲ. ತಂದೆಯವರು ತೀರಿಕೊಂಡ ವರ್ಷ ತೆಗೆದುಕೊಂಡ ಈ ನಿಯಮಕ್ಕೆ ಈಗ ಮೂವತ್ತು ವರ್ಷ ಸಂದಿವೆ. ಇದನ್ನು ಹೆಚ್ಚುಗಾರಿಕೆಗಾಗಿ ಹೇಳುತ್ತಿಲ್ಲ. ನಿಯಮವೊಂದನ್ನು ಇಷ್ಟು ಕಾಲ ಪಾಲಿಸಿದವನಿಗೆ ಅದರ ಅರ್ಧ ಮಾತ್ರ ತಿಳಿದಿತ್ತೆಂಬುದು ಹೇಗೆ ಗೊತ್ತಾಯಿತು ಎಂಬುದೇ ಈ ಬರಹದ ವಿಷಯ.

ಹೋದ ವರ್ಷ ಮೇ ತಿಂಗಳ ಕೊನೆಯ ವಾರ ಮಗಳು ಸಂಸಾರಸಹಿತ ಬಂದಿದ್ದಳು. ಮೊಮ್ಮಗನ ಹುಟ್ಟುಹಬ್ಬ. ಮರದಡಿಯ ಹೋಟೆಲೊಂದರಲ್ಲಿ ಊಟವೆಂದು ನಿಶ್ಚಯವಾಯಿತು. ಎಂದಿನಂತೆ ನಾನು ಮನೆಯಲ್ಲಿ ಆರೂಕಾಲಿಗೇ ಊಟ ಮುಗಿಸಿ, ಅವರೊಡನೆ ಹೋಗಿ ಕುಳಿತೆ. ಮಾಣಿ ಎಲ್ಲರ ಮುಂದೆ ಒಂದೊಂದು ತಾಟು ಇಟ್ಟ. ಬೇಡವೆಂದರೂ ನನ್ನ ಮುಂದೆಯೂ ಇಟ್ಟ. ಊಟದ ಪಟ್ಟಿಯಲ್ಲಿ ಹಲವು ತಿನಿಸುಗಳ ಪಕ್ಕದಲ್ಲಿ ‘ಜೈನ್’ ಎಂದು ಅಚ್ಚಾಗಿತ್ತು. ಅದನ್ನು ತೋರಿಸಿ ಆ ಹುಡುಗ, “ನಿಮಗ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ್ದು ಮಾಡಿ ಕೊಡ್ತೇವ್ರಿ” ಎಂದ. ಆತನ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಗಡಿಯಾರದಲ್ಲಿ ಎಂಟೂವರೆ. ಈ ಪಟ್ಟಿಗಳನ್ನು ನೋಡಿದಾಗಲೆಲ್ಲ ನನಗೊಂದು ಸಂಗತಿ ಹೊಳೆಯುತ್ತದೆ: ಹೋಟೆಲುಗಳ ಭಾಷೆಯಲ್ಲಿ ‘ಜೈನ್’ ಎಂಬುದು ಒಂದು ಪಾಕವಿಧಾನ, ಪದಾರ್ಥಗಳ ವರ್ಜನೆ. ನಮ್ಮ ಶ್ರಾವಕಾಚಾರಗಳಲ್ಲಿಯೋ ಏನನ್ನು ಉಣ್ಣಬೇಕೆಂಬುದರಷ್ಟೇ ಮಹತ್ವ ಯಾವಾಗ ಉಣ್ಣಬೇಕೆಂಬುದಕ್ಕೂ ಇದೆ. ಕಂದಮೂಲವಿಲ್ಲದ ಅಡುಗೆ ಎಲ್ಲ ಕಡೆ ದೊರಕುತ್ತದೆ; ಹಗಲು ಯಾವ ಪಟ್ಟಿಯಲ್ಲೂ ಅಚ್ಚಾಗುವುದಿಲ್ಲ.

ಅಷ್ಟರಲ್ಲಿ ಗುಡುಗಿತು. ಹತ್ತು ನಿಮಿಷ ಅಡ್ಡಮಳೆ ಸುರಿದು ನಿಂತಿತು. ಎಲ್ಲರೂ ತಗಡಿನ ಚಪ್ಪರದಡಿ ಓಡಿ, ಮಳೆ ನಿಂತ ಮೇಲೆ ನಗುತ್ತ ಮತ್ತೆ ಬಯಲಿಗೆ ಬಂದರು. ಆಮೇಲೆ ಬಂದವು ಮಳೆಹುಳುಗಳು, ಮೊದಲ ಮಳೆ ಬಿದ್ದ ರಾತ್ರಿ ಗೆದ್ದಲಗೂಡಿನಿಂದ ರೆಕ್ಕೆ ಮೂಡಿಸಿಕೊಂಡು ಏಳುವವು. ಸಾವಿರ ಸಂಖ್ಯೆಯಲ್ಲಿ ದೀಪಗಳಿಗೆ ಮುತ್ತಿ, ರೆಕ್ಕೆ ಕಳಚಿ, ಸಾರಿನ ಬಟ್ಟಲುಗಳಲ್ಲಿ ಬಿದ್ದವು. ಮಾಣಿಗಳು ದೀಪದ ಕೆಳಗೆ ನೀರು ತುಂಬಿದ ಬುಟ್ಟಿಗಳನ್ನಿಟ್ಟರು. ಹುಳುಗಳು ನೀರಿನಲ್ಲಿ ಕಂಡ ದೀಪಕ್ಕೂ ಮುತ್ತಿ ಸತ್ತವು. ಕೆಲವರು ಕೂಗಿದರು, ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆದರು.

ಓದುಗರಲ್ಲಿ ವಿದ್ಯಾರ್ಥಿಗಳಿರುವುದರಿಂದ ಇಲ್ಲೊಂದು ಮಾತು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ರಾತ್ರಿಭೋಜನವನ್ನು ಚರ್ಚಿಸುವಾಗ ದೀಪದ ಪ್ರಶ್ನೆಯನ್ನು ಎತ್ತುತ್ತಾರೆ. ದೀಪ ಹಚ್ಚಿಕೊಂಡು ಉಂಡರೂ ಅನ್ನದಲ್ಲಿ ಬೆರೆಯುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸಲಾಗದು ಎಂಬುದು ಅವರ ವಾದ. ಸಾವಿರ ವರ್ಷದ ಹಿಂದಿನ ಆ ವಾದಕ್ಕೆ ಪ್ರತ್ಯಕ್ಷ ಪ್ರಮಾಣ ನನ್ನ ಕಣ್ಣೆದುರಿಗೇ ಬಿದ್ದು ಒದ್ದಾಡುತ್ತಿತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮುಖ ಹೇಳಿರಬೇಕು. ಮಗಳು ಚಮಚ ಕೆಳಗಿಟ್ಟು ಮೆಲ್ಲಗೆ, “ಅಪ್ಪಾ, ನಿಮ್ಮ ಖಾಲಿ ತಾಟು ನೋಡಿಕೋತ ಉಣ್ಣೂದು ನಮಗ ಭಾಳ ಕಷ್ಟ ಆಗ್ತದ. ಸಣ್ಣಾಕಿ ಇದ್ದಾಗಿಂದೂ ಆಗೇತಿ” ಎಂದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕದಡಿತು. ಮೊಮ್ಮಗ ಕೇಕನ್ನು ಮುಂದಕ್ಕೆ ತಳ್ಳಿದ. ಆ ಊಟ ಅಲ್ಲಿಗೇ ಮುಗಿಯಿತು.

ಮನೆಗೆ ಬಂದು ನಾನು ಮಾಡಿದ್ದು ಅಭ್ಯಾಸಬಲದ ಕೆಲಸ: ಗ್ರಂಥ ತೆರೆದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಶ್ರಾವಕನ ಹನ್ನೊಂದು ಸೋಪಾನಗಳ ಪೈಕಿ ಆರನೆಯದು ರಾತ್ರಿಭುಕ್ತಿವಿರತಿ. ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ ಶ್ಲೋಕ. ಅನ್ನ, ಪಾನ, ಖಾದ್ಯ, ಲೇಹ್ಯಗಳೆಂಬ ನಾಲ್ಕು ಬಗೆಯ ಆಹಾರವನ್ನು ರಾತ್ರಿ ಬಿಟ್ಟವನು ಎಂದು ಲಕ್ಷಣ ಹೇಳಿ ಆಚಾರ್ಯರು ಅಲ್ಲಿಗೇ ನಿಲ್ಲಿಸುವುದಿಲ್ಲ; ಆತ ಜೀವಿಗಳ ಮೇಲೆ ಅನುಕಂಪೆಯುಳ್ಳ ಮನಸ್ಸಿನವನಾಗಿರಬೇಕು ಎಂಬ ವಿಶೇಷಣವನ್ನೂ ಸೇರಿಸುತ್ತಾರೆ. ನಾಲ್ಕು ಬಗೆಯ ಆಹಾರವನ್ನು ನಾನು ವಿದ್ಯಾರ್ಥಿಗಳಿಗೆ ವಿವರವಾಗಿ ಬಿಡಿಸಿ ಹೇಳುತ್ತಿದ್ದೆ. ಅನುಕಂಪೆಯ ವಿಶೇಷಣವನ್ನು ‘ಸ್ಪಷ್ಟವಾಗಿದೆ’ ಎಂದು ದಾಟುತ್ತಿದ್ದೆ. ಮಳೆಹುಳು ಜೀವಿ. ನನ್ನ ಮಗಳೂ ಜೀವಿ. ನನ್ನ ಖಾಲಿ ತಾಟು ಮೂವತ್ತು ವರ್ಷ ಆಕೆಯ ಎದುರಿಗೆ ಒಂದು ತೀರ್ಪಿನಂತೆ ಕುಳಿತಿತ್ತು. ನಾನು ಅದನ್ನು ಸಂಯಮವೆಂದು ಕರೆದುಕೊಂಡಿದ್ದೆ.

ಮರುದಿನ ಕೋಟೆಯೊಳಗಿನ ಕಮಲ ಬಸದಿಗೆ ಹೋದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು, ಆತನ ಮಂತ್ರಿ ಬೀಚಿರಾಜನ ಹೆಸರಿನೊಡನೆ ಸೇರಿಕೊಂಡಿರುವುದು, 1204ರ ಸುಮಾರಿನದು. ಛತ್ತಿನಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ನೋಡಲು ಬರುವವರು ಅನೇಕರು. ಒಳಗಿರುವ ತೀರ್ಥಂಕರ ನೇಮಿನಾಥ. ಊಟದ ಸಂಕಟ ಹೊತ್ತು ಹೋದವನಿಗೆ ಅಂದು ನೇಮಿಯ ಕತೆ ಬೇರೆಯಾಗಿ ಕಂಡಿತು. ಮದುವೆಯ ಮೆರವಣಿಗೆಯಲ್ಲಿ ಬರುತ್ತಿದ್ದ ನೇಮಿ, ಔತಣಕ್ಕೆಂದು ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿ ರಥ ತಿರುಗಿಸಿ ಗಿರಿನಾರದ ದಾರಿ ಹಿಡಿದ. ಊಟದಿಂದ ಹಿಂದಿರುಗಿದವನ ಪೈಕಿ ಆತನಿಗಿಂತ ದೊಡ್ಡವರಿಲ್ಲ. ಕರ್ಣಪಾರ್ಯನಿಂದ ಹಿಡಿದು ನಮ್ಮ ಕವಿಗಳು ಆ ಕತೆಯನ್ನು ಮತ್ತೆ ಮತ್ತೆ ಹೇಳಿದ್ದಾರೆ. ಆದರೆ ಆ ಕತೆಯಲ್ಲಿ ರಾಜೀಮತಿಯೂ ಇದ್ದಾಳೆ. ನೇಮಿ ತಿರುಗಿ ಹೋದ ಚಪ್ಪರದಲ್ಲಿ ಉಳಿದವಳು ಆಕೆ. ಪರಂಪರೆ ಆಕೆಯನ್ನು ಮರೆಯಲಿಲ್ಲ. ಆಕೆಯೂ ದೀಕ್ಷೆ ಪಡೆದಳೆಂದು ಹೇಳಿ ಗೌರವಿಸಿತು. ಒಬ್ಬನ ತ್ಯಾಗದ ಬೆಲೆಯನ್ನು ಇನ್ನೊಬ್ಬರು ತೆರುತ್ತಾರೆಂಬುದನ್ನು ಹಿಂದಿನವರು ಅರಿತಿದ್ದರು. ನಾನು ನೇಮಿಯಲ್ಲ, ಮಗಳ ಹುಟ್ಟುಹಬ್ಬದ ಚಪ್ಪರದಿಂದ ರಥ ತಿರುಗಿಸುವ ಅಧಿಕಾರ ನನಗಿಲ್ಲ.

ಹಾಗೆಂದು ನಿಯಮವನ್ನು ಬಿಡುವುದೂ ನನ್ನಿಂದಾಗದು. ನಾನೇ ಎದ್ದು ಉಳಿದವರಿಗೆ ಬಡಿಸಿದರೆ ಹೇಗೆ ಎಂದೂ ಯೋಚಿಸಿದೆ. ಕೃತ, ಕಾರಿತ, ಅನುಮೋದನ ಎಂಬ ಮೂರು ಪದಗಳು ಅಡ್ಡ ಬಂದವು: ತಾನು ಮಾಡುವುದಷ್ಟೇ ಅಲ್ಲ, ಮಾಡಿಸುವುದೂ ಒಪ್ಪುವುದೂ ಲೆಕ್ಕಕ್ಕೆ ಬರುತ್ತವೆ. ಗ್ರಂಥ ಬಲ್ಲವನಿಗೆ ಸುಲಭದ ಹಾದಿಗಳು ಬೇಗ ಮುಚ್ಚಿಹೋಗುತ್ತವೆ.

ಹಾದಿ ಕಂಡದ್ದು ಖಾನಾಪುರದಲ್ಲಿ. ಬೆಳಗಾವಿಯಿಂದ ಗೋವೆಯ ದಿಕ್ಕಿಗೆ ಒಂದು ಗಂಟೆಯೊಳಗಿನ ದಾರಿ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಅಲ್ಲಿ ಇನ್ನೂ ಎಳೆಯ ನದಿ. ನಮ್ಮ ಹಳೆಯ ಮನೆ, ನಾಲ್ಕು ಮಾವಿನ ಗಿಡ ಅಲ್ಲಿವೆ. ತಂದೆಯವರು ಬೇಸಗೆಯಲ್ಲಿ ಮನೆಯೊಳಗೆ ಸಂಜೆಯ ಊಟ ಮಾಡಿದ್ದು ನನಗೆ ನೆನಪಿಲ್ಲ. ಪಡುವಣಕ್ಕೆ ಮುಖ ಮಾಡಿದ ಕಟ್ಟೆಯ ಮೇಲೆ ಚಾಪೆ ಹಾಸಿ ಎಲ್ಲರೂ ಸಾಲಾಗಿ ಕೂರಬೇಕು. ಸೂರ್ಯ ಗುಡ್ಡಕ್ಕೆ ಎರಡಾಳು ಮೇಲಿರುವಾಗ ಅವ್ವ ರೊಟ್ಟಿ ತರುತ್ತಿದ್ದಳು. ಹೊಲದಿಂದ ಬಂದ ಆಳುಗಳೂ ನಮ್ಮೊಡನೆಯೇ ಉಂಡು ತಮ್ಮ ಊರಿಗೆ ಹೊರಡುತ್ತಿದ್ದರು. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ನೆಲದ ಮೇಲೆ ಕುಳಿತು ಉಣ್ಣುವುದಂತೂ ಈ ಸೀಮೆಯ ಎಲ್ಲ ಒಕ್ಕಲು ಮನೆಗಳ ಪದ್ಧತಿ. ಬಯಲ ಊಟ ನಮಗೆ ಹೊಸದಲ್ಲ. ಹೊಸದು ಅದರ ಹೊತ್ತು.

ಇನ್ನೂ ಒಂದು ಸಂಗತಿ ಅಲ್ಲಿ ನೆನಪಾಯಿತು. ಇದೇ ತಾಲ್ಲೂಕಿನ ಹಲಸಿ ಕದಂಬರ ಪಲಾಶಿಕೆ. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ರವಿವರ್ಮನದೊಂದು ಶಾಸನ ಜಿನೇಂದ್ರನ ಅಷ್ಟಾಹ್ನಿಕ ಉತ್ಸವಕ್ಕೆ ಏರ್ಪಾಡು ಮಾಡುವುದರ ಜೊತೆಗೆ, ಯಾಪನೀಯ ತಪಸ್ವಿಗಳು ಮಳೆಗಾಲದ ನಾಲ್ಕು ತಿಂಗಳು ಆಹಾರ ಪಡೆಯಬೇಕೆಂದು ವಿಧಿಸುತ್ತದೆ. ವಿದ್ವಾಂಸರು ಅದನ್ನು ಯಾಪನೀಯ ಸಂಘದ ಇತಿಹಾಸಕ್ಕಾಗಿ ಓದುತ್ತಾರೆ. ನಾನೂ ಹಾಗೆಯೇ ಓದುತ್ತಿದ್ದೆ. ಈ ಸಲ ಅದು ಊಟದ ಶಾಸನವಾಗಿ ಕಂಡಿತು. ತಪಸ್ವಿಗೆ ವ್ರತವಿದೆ. ಆ ವ್ರತ ನಡೆಯುವಂತೆ ಹೊತ್ತು, ಋತು, ಅನ್ನಗಳನ್ನು ಹೊಂದಿಸುವವರು ಬೇರೆಯವರು. ರತ್ನಾಕರವರ್ಣಿಯ ‘ಭರತೇಶ ವೈಭವ’ದಲ್ಲಿ ಮುನಿಭುಕ್ತಿ ಸಂಧಿಯ ನಂತರ ರಾಜಭುಕ್ತಿ ಸಂಧಿ ಬರುತ್ತದೆ: ಚಕ್ರವರ್ತಿ ಮೊದಲು ಮುನಿಗಳ ದಾರಿ ಕಾಯ್ದು ಅವರಿಗೆ ಆಹಾರ ನೀಡಿ, ಬಳಿಕ ತನ್ನವರೊಡನೆ ಉಣ್ಣುತ್ತಾನೆ. ವ್ರತಿಯೊಬ್ಬನೇ ವ್ರತವನ್ನು ನಡೆಸಲಾರ. ಅದಕ್ಕೆ ನೆರೆಹೊರೆ ಬೇಕು, ಅಡುಗೆಯವರು ಬೇಕು, ಮನೆಯವರು ಬೇಕು. ನಾನು ಮೂವತ್ತು ವರ್ಷದಲ್ಲಿ ಯಾರಿಗೂ ‘ನನ್ನ ಹೊತ್ತಿಗೆ ನನ್ನೊಡನೆ ಉಣ್ಣಿರಿ’ ಎಂದು ಕೇಳಿರಲಿಲ್ಲ. ಕೇಳದಿರುವುದನ್ನು ಸ್ವಾವಲಂಬನೆ ಎಂದು ತಿಳಿದಿದ್ದೆ. ಅದರಲ್ಲಿ ಅಹಂಕಾರವೂ ಇತ್ತು.

ಈ ವರ್ಷ ಮೇ ತಿಂಗಳಲ್ಲಿ ಕೇಳಿದೆ. ಮಗಳಿಗೆ ಫೋನು ಮಾಡಿ, ಹುಟ್ಟುಹಬ್ಬದ ಊಟವನ್ನು ಭಾನುವಾರ ಸಂಜೆ ಐದೂವರೆಗೆ ಇಟ್ಟುಕೊಳ್ಳಬಹುದೇ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಕೇಳೂದು ಇದs ಮೊದಲು” ಎಂದಳು. ಬೇಸಗೆಯ ಉಪಕಾರ ನನಗೆ ಆಗ ಹೊಳೆಯಿತು. ಡಿಸೆಂಬರಿನಲ್ಲಿ ಬೆಳಗಾವಿಯ ಸೂರ್ಯ ಆರರ ಸುಮಾರಿಗೇ ಮುಳುಗುತ್ತಾನೆ. ಮೇ ಕೊನೆಗೆ ಏಳರವರೆಗೂ ಇರುತ್ತಾನೆ. ಅಸ್ತಮಾನಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮೊದಲೇ ಊಟ ಮುಗಿಸಬೇಕೆಂಬ ಕಟ್ಟುನಿಟ್ಟಿನವರಿಗೂ ಆರರವರೆಗೆ ಅವಕಾಶ. ದುಡಿದು ಬರುವ ಮಕ್ಕಳ ಹೊತ್ತು ಮತ್ತು ಮುದುಕನ ವ್ರತದ ಹೊತ್ತು ಒಂದಕ್ಕೊಂದು ತಗಲುವ ಕಾಲ ವರ್ಷದಲ್ಲಿ ಇದೊಂದೇ.

ಅದೇ ಹೋಟೆಲಿಗೆ ಹೋದೆವು. ತೋಟದಲ್ಲಿ ನಾವೇ ಮೊದಲಿಗರು. ಒಲೆ ಆಗಷ್ಟೇ ಹೊತ್ತಿತ್ತು. ಪಟ್ಟಿಯಲ್ಲಿದ್ದ ಹೆಚ್ಚಿನವು ಇನ್ನೂ ಸಿದ್ಧವಿರಲಿಲ್ಲ. ಚಪಾತಿ, ಬೇಳೆ, ಒಂದು ಪಲ್ಯ, ಅನ್ನ, ಕೊನೆಗೆ ಊರಿನ ಕುಂದಾ — ದೊರಕಿದ್ದು ಇಷ್ಟು. ಹೋದ ವರ್ಷದ ಹುಡುಗನೇ ಇದ್ದ. ನನ್ನ ಗುರುತು ಆತನಿಗಿರಲಿಲ್ಲ. ಇಷ್ಟು ಬೇಗ ಏಕೆಂದು ಕೇಳಿದಾಗ ಮೊಮ್ಮಗ, “ನಮ್ಮ ಅಜ್ಜಾ ಹೊತ್ತು ಮುಳುಗಿದ ಮ್ಯಾಲ ಉಣ್ಣೂದಿಲ್ಲ” ಎಂದ. ಅಡುಗೆ ತಡವಾಯಿತು. ಗಡಿಯಾರ ಆರೂವರೆ ದಾಟಿತ್ತು. ಎರಡು ಘಳಿಗೆಯ ಅಂತರ ಅಂದು ನನಗೆ ಸಿಗಲಿಲ್ಲ; ಸೂರ್ಯನಿರುವಾಗ ಮುಗಿಸುವುದು ಸಾಕೆಂದುಕೊಂಡೆ. ಮರದ ನೆರಳು ನಮ್ಮ ಮೇಜಿನ ಮೇಲೆ ದಟ್ಟವಾಗುತ್ತಿತ್ತು. ಆ ಹುಡುಗ ತಾಟುಗಳನ್ನು ತಂದವನು ಅವನ್ನು ಇಡದೆ ಒಮ್ಮೆ ಸುತ್ತ ನೋಡಿ, ಪಡುವಣದ ಬೇಲಿಯ ಕಡೆ ಕೈ ತೋರಿಸಿದ.

“ಆ ಕಡೆ ಬರ್ರಿ. ಅಲ್ಲಿ ಇನ್ನೂ ಬೆಳಕ ಐತಿ.”

ಅಳಿಯ ಮೇಜಿನ ಒಂದು ತುದಿ ಹಿಡಿದರು, ಆ ಹುಡುಗ ಇನ್ನೊಂದು ತುದಿ ಹಿಡಿದ. ನಾವು ಕುರ್ಚಿಗಳನ್ನು ಎತ್ತಿಕೊಂಡು ಹಿಂದೆ ನಡೆದೆವು.